ಕೂಟಾದ ಬೀದಿಯಲ್ಲಿ ದಾಟಬಾರದ ಹೂವು

ಹೊರಡುವ ಮುಂಚೆ

ಪುಟ್ಟಿ, ಚೇತು, ರಜೆಗೆ ಬಂದಾಗಲೆಲ್ಲ ನೀವು ಕೇಳುವುದು ಒಂದೇ ಪ್ರಶ್ನೆ. “ಅಜ್ಜಿ, ನೀನು ನಿಜವಾಗ್ಲೂ ವಿಮಾನದಲ್ಲಿ ಹೋಗಿದ್ಯಾ?” ನಾನು ಹೂಂ ಎಂದು ಅಡುಗೆಮನೆಗೆ ನುಸುಳಿಬಿಡುತ್ತೇನೆ. ನಾಲ್ಕು ಜನರ ಮುಂದೆ ಕೂತು ಕಥೆ ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಬರೆದರೆ ಹಾಗಲ್ಲ, ಯಾರೂ ನನ್ನ ಮುಖ ನೋಡುವುದಿಲ್ಲ. ನಮ್ಮೂರು ಜಾವಳಿಯ ಶಾಲೆಯಲ್ಲಿ ಕಲಿತಷ್ಟು ಕನ್ನಡ ಇದಕ್ಕೆ ಸಾಕಾಗಬಹುದು.

ಅದು ತೊಂಬತ್ತರ ದಶಕದ ಕೊನೆಯ ಮಾತು. ನಿಮ್ಮ ಅಜ್ಜ ತೀರಿಹೋಗಿದ್ದರು. ತೋಟವನ್ನು ನಾನೂ ಮೇಸ್ತ್ರಿ ರುದ್ರಯ್ಯನೂ ಹೇಗೋ ನೋಡಿಕೊಳ್ಳುತ್ತಿದ್ದೆವು. ನಿಮ್ಮ ಅಪ್ಪ ಪೂರ್ಣೇಶ್ ಆಗ ಬಾಲಿ ದ್ವೀಪದ ಕೂಟಾ ಎಂಬ ಊರಿನಲ್ಲಿ, ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಅದು ಸಮುದ್ರದ ದಡದ ಊರು. ಲೋಕದ ಮೂಲೆಮೂಲೆಯಿಂದ ಜನ ಅಲ್ಲಿಗೆ ರಜೆ ಕಳೆಯಲು ಬರುತ್ತಾರೆ. ನಿಮ್ಮ ಅಮ್ಮ, ನನ್ನ ಮಗಳು ಸವಿತನೂ ಅಲ್ಲೇ ಇದ್ದಳು. ಅವಳಿಗೆ ಮೊದಲು ಎರಡು ಸಲ ಬಸುರು ನಿಂತು, ಉಳಿಯದೆ ಹೋಗಿತ್ತು. ಮೂರನೆಯದು ನಿಂತಿದೆ ಎಂಬ ಸುದ್ದಿ ಬಂದ ಮೇಲೆ ಫೋನು ಬಡಿದುಕೊಂಡರೆ ಸಾಕು, ನಾನು ದೇವರ ಕೋಣೆಯ ಕಡೆ ನೋಡುತ್ತಿದ್ದೆ.

ಕೊಯ್ಲು ಮುಗಿದು ಕಾಫಿ ಒಣಗಿಸುತ್ತಿದ್ದಾಗ ಒಂದು ದಿನ ಅವಳೇ ಮಾತಾಡಿದಳು. “ಅಮ್ಮ, ನಂಗೆ ವಿಮಾನ ಹತ್ತಬಾರ್ದು ಅಂದಿದಾರೆ ಡಾಕ್ಟ್ರು. ರಕ್ತದಲ್ಲಿ ಸಕ್ಕರೆ ಬಂದಿದ್ಯಂತೆ. ದಿನಾ ಬೆಳಿಗ್ಗೆ ಸಂಜೆ ನಡೀಬೇಕಂತೆ. ನಡೀದಿದ್ರೆ ಮಗುವಿಗೆ ತೊಂದ್ರೆಯಂತೆ.”

“ನಡಿಯೇ ಮಾರಾಯ್ತಿ. ನಡಿಯೋಕೆ ಎಂತ ಕಷ್ಟ?”

ಅವಳು ದನಿ ತಗ್ಗಿಸಿ, “ಇಲ್ಲಿ ದಾರಿ ತುಂಬಾ ಇಟ್ಟಿರ್ತಾರೆ ಅಮ್ಮ” ಎಂದಳು.

ಏನನ್ನು ಇಟ್ಟಿರುತ್ತಾರೆ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಮೈ ಸರಿಯಿಲ್ಲದವರಿಗೆ ದೃಷ್ಟಿ ತೆಗೆದ ಮೇಲೆ ನಿಂಬೆಹಣ್ಣು, ಕುಂಕುಮದ ಅನ್ನ, ಕೆಂಪು ಹೂವನ್ನು ಎಲೆಯಲ್ಲಿಟ್ಟು ಮೂರು ದಾರಿ ಕೂಡುವಲ್ಲಿ ಹಾಕಿ, ಹಿಂತಿರುಗಿ ನೋಡದೆ ಬರುತ್ತಾರೆ. ಅದನ್ನು ದಾಟಿದವರಿಗೆ, ತುಳಿದವರಿಗೆ ಆ ಕಷ್ಟ ಹತ್ತಿಕೊಳ್ಳುತ್ತದೆ ಎಂದು ನಂಬಿಕೆ. ಬಸುರಿಯರಂತೂ ಆ ಕಡೆ ನೋಡಲೂಬಾರದು. ಸವಿತನ ಎರಡನೆಯ ಬಸುರು ಹೋದಾಗ ದೇವರಮನೆ ಗುಡ್ಡದ ದಾರಿ ಕೂಡುವಲ್ಲಿ ಅವಳು ಅಂಥದ್ದನ್ನು ದಾಟಿದ್ದಳು ಎಂದು ಊರಲ್ಲಿ ಆಡಿಕೊಂಡರು. ಅವಳ ಕಿವಿಗೂ ಬಿತ್ತು. ಆ ಮಾತು ಅವಳ ಜೊತೆ ಸಮುದ್ರ ದಾಟಿ ಹೋಗಿತ್ತು.

ನಾನು ಹೊರಟೆ.

ವಿಮಾನ ನಿಲ್ದಾಣ

ಹೊಸ ಊರಿನಲ್ಲಿ ನಡೆಯಬೇಕಲ್ಲ ಎಂದು ನಾನು ಮಾಡಿಕೊಂಡಿದ್ದ ತಯಾರಿ ಒಂದೇ. ಹೊಗೆಸೊಪ್ಪು, ಸುಣ್ಣ, ಉಪ್ಪು ಸೇರಿಸಿ ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಗಂಟು. ಬಾಲಿಯಲ್ಲಿ ಮಳೆ ಹೆಚ್ಚು ಎಂದು ಪೂರ್ಣೇಶ್ ಹೇಳಿದ್ದರು. ಮಳೆ ಇದ್ದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಇಲ್ಲದಿರುತ್ತದೆಯೇ? ಈ ಗಂಟು ಸವರಿದರೆ ಅದು ಹತ್ತಿರ ಬರುವುದಿಲ್ಲ.

ಅಧಿಕಾರಿ ಗಂಟು ಬಿಚ್ಚಿ ಮೂಸಿ ಸೀನಿದ. ಇನ್ನೊಬ್ಬನನ್ನು ಕರೆದ. ಅವನೂ ಸೀನಿದ. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಕಾಲಿನ ಮೇಲೆ ಬೆರಳನ್ನು ಹುಳದಂತೆ ಹತ್ತಿಸಿ ತೋರಿಸಿದೆ. ಸಾಲಿನಲ್ಲಿದ್ದ ಮಂಗಳೂರಿನ ಹೆಂಗಸೊಬ್ಬರು ನಗುತ್ತ ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಗಂಟು ಕಸದಬುಟ್ಟಿಗೆ ಹೋಯಿತು. ನಾನು ವಿಮಾನಕ್ಕೆ ಹೋದೆ.

ಹೇಳಿಬಿಡುತ್ತೇನೆ, ಕೂಟಾದಲ್ಲಿ ಒಂದೇ ಒಂದು ಇಂಬಳವನ್ನೂ ನಾನು ಕಾಣಲಿಲ್ಲ.

ಪೂರ್ಣೇಶರ ಪಾಠ

ಮೊದಲ ದಿನ ಊಟಕ್ಕೆ ಕೂತಾಗ ನಿಮ್ಮ ಅಪ್ಪ ನನಗೆ ಬೀದಿಯಲ್ಲಿ ನಡೆಯುವುದನ್ನು ಕಲಿಸಿದರು. ಹುಟ್ಟಿದಾಗಿನಿಂದ ಗುಡ್ಡ ಹತ್ತಿ ಇಳಿದವಳಿಗೆ ಅಳಿಯ ನಡಿಗೆ ಕಲಿಸುವುದು ವಿಚಿತ್ರ ಅನ್ನಿಸಿದರೂ ಸುಮ್ಮನೆ ಕೇಳಿದೆ.

“ಅತ್ತೆ, ಫುಟ್‌ಪಾತ್ ಬಿಟ್ಟು ಇಳೀಬೇಡಿ. ಇಲ್ಲಿ ಮೋಟಾರ್‌ಬೈಕಿನವ್ರು ಎಲ್ಲಿಂದ ಬರ್ತಾರೆ ಅಂತ ಹೇಳಕ್ಕಾಗಲ್ಲ. ಚೀಲ ಗೋಡೆ ಬದಿಗಿರ್ಲಿ. ಕಲ್ಲುಚಪ್ಪಡಿ ಕೆಳಗೆ ಚರಂಡಿ ಇದೆ, ಅಲ್ಲಾಡೋ ಚಪ್ಪಡಿ ಮೇಲೆ ಕಾಲಿಡಬೇಡಿ. ಸಮುದ್ರದ ಹತ್ರ ಕೆಂಪು ಬಾವುಟ ಇದ್ರೆ ನೀರಿಗೆ ಕಾಲೂ ಅದ್ದಬೇಡಿ. ಯಾರಾದ್ರೂ ಏನಾದ್ರೂ ಮಾರಕ್ಕೆ ಬಂದ್ರೆ ಬೇಡ ಅಂದು ಮುಂದೆ ಹೋಗ್ತಿರಿ.”

“ಬೇಡ ಅನ್ನಕ್ಕೆ ಎಂತ ಹೇಳ್ಬೇಕು?” ಎಂದು ಕೇಳಿದೆ.

“ನಿಮ್ಗೆ ಕನ್ನಡದಲ್ಲೇ ಬೇಡ ಅನ್ನಕ್ಕೆ ಬರಲ್ವಲ್ಲ ಅತ್ತೆ” ಎಂದು ಅವರು ನಕ್ಕರು. ಅದು ನಿಜವೇ.

ನನಗೆ ಇನ್ನೊಂದು ಕಷ್ಟವಿತ್ತು. ನಮ್ಮಲ್ಲಿ ದಾರಿಯ ಬದಿ ಎಂದರೆ ಹುಲ್ಲು, ಹುಲ್ಲೆಂದರೆ ಹಾವು, ಇಂಬಳ. ಹಾಗಾಗಿ ನಾವು ನಡುರಸ್ತೆಯಲ್ಲಿ ನಡೆಯುವವರು. ಮೂಡಿಗೆರೆಯ ಬಸ್ಸಿನವನೂ ಹಾರನ್ ಹೊಡೆದು ನಾವು ಸರಿಯುವ ತನಕ ಕಾಯುತ್ತಾನೆ. ಕೂಟಾದಲ್ಲಿ ಅಂಚೇ ಕ್ಷೇಮ, ನಡುವೇ ಅಪಾಯ. ಕಾಲಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ.

ಓಣಿ

ಮರುದಿನ ಬೆಳಿಗ್ಗೆ ಸವಿತನನ್ನು ಹೊರಡಿಸಿದೆ. ಬಾಗಿಲು ತೆರೆದು ನೋಡಿದರೆ ಅವಳು ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ.

ಓಣಿಯುದ್ದಕ್ಕೂ, ಪ್ರತಿ ಮನೆಯ ಮುಂದೆ, ಪ್ರತಿ ಅಂಗಡಿಯ ಮುಂದೆ, ಫುಟ್‌ಪಾತಿನ ನಟ್ಟನಡುವೆ ಇಟ್ಟಿದ್ದರು. ಅಂಗೈಯಗಲದ ಚೌಕದ ತಟ್ಟೆ, ತೆಂಗಿನ ಎಳೆಗರಿಯಲ್ಲಿ ಹೆಣೆದದ್ದು. ಅದರಲ್ಲಿ ಬಿಳಿ, ಕೆಂಪು, ಹಳದಿ ಹೂ, ನಾಲ್ಕು ಅಗುಳು ಅನ್ನ, ಕೆಲವದರಲ್ಲಿ ಒಂದು ಬಿಸ್ಕತ್ತು. ಮೇಲೆ ಊದುಬತ್ತಿ ಹೊಗೆಯಾಡುತ್ತಿತ್ತು. ಓಣಿ ಕೂಡುವಲ್ಲಿ ಒಂದಲ್ಲ, ಗುಂಪಾಗಿ ಇದ್ದವು.

ಕಣ್ಣಿಗೆ ಅದು ಚೆಂದವಾಗಿತ್ತು. ಆದರೆ ಅನ್ನ, ಕೆಂಪು ಹೂ, ಕೂಡುದಾರಿ ಮೂರನ್ನೂ ಒಟ್ಟಿಗೆ ಕಂಡರೆ ನಮ್ಮ ಕಡೆಯ ಯಾವ ಹೆಂಗಸಿನ ಕಾಲು ಮುಂದೆ ಹೋಗುತ್ತದೆ? ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರೂ ಮಾತಾಡದೆ ರಸ್ತೆಗೆ ಇಳಿದೆವು. ಒಂದು ತಟ್ಟೆ ಕಳೆದ ಮೇಲೆ ಫುಟ್‌ಪಾತ್ ಹತ್ತುವುದು, ಇನ್ನೊಂದು ಬಂದಾಗ ರಸ್ತೆಗೆ ಇಳಿಯುವುದು. ಹೊಸದಾಗಿ ನಡೆಯಲು ಕಲಿತ ಕೋಳಿಮರಿಗಳಂತೆ ಹತ್ತಿ ಇಳಿದು ಹತ್ತಿ ಇಳಿದು ಹೋದೆವು. ಬೈಕುಗಳು ನಮ್ಮ ಸೆರಗು ಸವರಿಕೊಂಡು ಹೋಗುತ್ತಿದ್ದವು.

“ಅವ್ರಿಗೆ ಹೇಳ್ಬೇಡ ಅಮ್ಮ, ರಸ್ತೇಲಿ ನಡೀತೀವಿ ಅಂತ” ಎಂದಳು ಸವಿತ.

“ನಾನೆಂತಕ್ಕೆ ಹೇಳ್ಲಿ” ಎಂದೆ.

ಸಮುದ್ರದ ದಡ

ಹೀಗೇ ನಡೆದು ದಿನವೂ ಸಮುದ್ರದ ತನಕ ಹೋಗಿ ಬರುತ್ತಿದ್ದೆವು. ಅಲ್ಲಿ ಮಾರುವವರ ಕಾಟ ಬಹಳ ಎಂದು ಎಲ್ಲರೂ ಹೆದರಿಸಿದ್ದರು. ಬಟ್ಟೆ, ಗಡಿಯಾರ, ಮರದ ಬೆಕ್ಕು, ಕಾಲು ಒತ್ತುವುದು, ಜಡೆ ಹೆಣೆಯುವುದು, ಒಂದೆರಡಲ್ಲ. ಬೇಡ ಎನ್ನಲು ಬಾಯಿ ಬಾರದ ನಾನು ಬಂದವರಿಗೆಲ್ಲ ಕೈಮುಗಿದೆ. ಅವರು ಒಂದು ಗಳಿಗೆ ನಿಂತು, ಸಾಮಾನು ಕಂಕುಳಿಗೆ ಸಿಕ್ಕಿಸಿಕೊಂಡು, ತಾವೂ ಎದೆಯ ಹತ್ತಿರ ಕೈಜೋಡಿಸಿ ಹೋಗಿಬಿಡುತ್ತಿದ್ದರು. ಕೈಮುಗಿದವರಿಗೆ ಏನನ್ನೂ ಮಾರಲು ಆಗುವುದಿಲ್ಲ ಎಂದು ಕಾಣುತ್ತದೆ. ಗಡಿಯಾರದ ಮುದುಕನೊಬ್ಬ ಆಮೇಲೆ ದಿನವೂ ದೂರದಿಂದಲೇ ಕೈಮುಗಿಯುತ್ತಿದ್ದ.

ಬಿಳಿಯ ಜನ ತುಂಡುಬಟ್ಟೆಯಲ್ಲಿ ಮಲಗಿರುತ್ತಾರೆ ಎಂದು ಊರಲ್ಲಿ ಮುಂಚೆಯೇ ಹೇಳಿದ್ದರು. ಕಂಡಾಗ ನಾಚಿಕೆಗಿಂತ ಹೆಚ್ಚಾಗಿ ಪಾಪ ಅನ್ನಿಸಿತು. ಒಬ್ಬಳು ಹುಡುಗಿಯ ಬೆನ್ನು ಹಣ್ಣಾದ ಕಾಫಿಯಂತೆ ಕೆಂಪೇರಿತ್ತು. ನೆರಳಿಗೆ ಹೋಗು ಎನ್ನುವವರು ಅವಳಿಗೆ ಯಾರೂ ಇರಲಿಲ್ಲ. ನಾನು ಎದ್ದು ಹೋಗಿ ನನ್ನ ಕೊಡೆಯನ್ನು ಅವಳ ಪಕ್ಕದಲ್ಲಿ ಬಿಚ್ಚಿಟ್ಟು ಬಂದೆ. ಸವಿತ ತಲೆ ಚಚ್ಚಿಕೊಂಡಳು. ನಾವು ಹೊರಡುವಾಗ ಆ ಹುಡುಗಿಯೇ ಕೊಡೆ ತಂದುಕೊಟ್ಟಳು, ಏನೋ ಹೇಳಿದಳು. ಗೊತ್ತಾಗಲಿಲ್ಲ, ಆದರೆ ಮಕ್ಕಳ ನಗುವಿಗೆ ಭಾಷೆ ಬೇಕಾಗುವುದಿಲ್ಲ.

ಮೂರು ದಾರಿ ಕೂಡುವಲ್ಲಿ

ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ ಒಂದು ಬಟ್ಟೆಯಂಗಡಿ ಇತ್ತು. ಅಂಗಡಿಯಾಕೆಯನ್ನು ಎಲ್ಲರೂ ಬು ನ್ಯೋಮನ್ ಎನ್ನುತ್ತಿದ್ದರು. ನ್ಯೋಮನ್ ಎಂದರೆ ಮೂರನೆಯದಾಗಿ ಹುಟ್ಟಿದವರಿಗೆ ಅಲ್ಲಿ ಇಡುವ ಹೆಸರು, ಬು ಎಂದರೆ ಅಮ್ಮ. ನನ್ನದೇ ವಯಸ್ಸು. ದಿನವೂ ಅವಳು ತಟ್ಟೆ ಇಡುವ ಹೊತ್ತಿಗೆ ನಾವು ಹಾದುಹೋಗುತ್ತಿದ್ದೆವು. ಅವಳು ನಗುತ್ತಿದ್ದಳು. ನಾನು ತಲೆ ತಗ್ಗಿಸಿ, ಮಗಳ ಕೈಹಿಡಿದು ರಸ್ತೆಗೆ ಇಳಿಯುತ್ತಿದ್ದೆ.

ಆ ದಿನ ರಾತ್ರಿಯ ಮಳೆಗೆ ರಸ್ತೆ ಒದ್ದೆಯಾಗಿತ್ತು. ನಾನು ಮುಂದೆ ಇಳಿದೆ, ಸವಿತ ಇನ್ನೂ ಮೇಲೆಯೇ ಇದ್ದಳು. ತಿರುವಿನಿಂದ ಒಂದು ಬೈಕು ಬಂತು. ಬೈಕಿನವನು ನನ್ನನ್ನು ತಪ್ಪಿಸಲು ವಾಲಿದ, ಕನ್ನಡಿ ನನ್ನ ತೋಳಿಗೆ ತಗುಲಿತು. ನಾನು ಕುಸಿದು ಕೂತೆ. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಹಿಂದೆಯೇ ಇನ್ನೊಂದು ಗಾಡಿ ಬರುತ್ತಿತ್ತು.

“ಅಮ್ಮಾ” ಎಂದವಳು ನೆಟ್ಟಗೆ ಓಡಿಬಂದಳು. ರಟ್ಟೆ ಹಿಡಿದು ಎಳೆದು ನನ್ನನ್ನು ಫುಟ್‌ಪಾತಿಗೆ ಹತ್ತಿಸಿದಳು. ತುಂಬಿದ ಹೊಟ್ಟೆ ಹೊತ್ತವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ ಕಾಣೆ. ಗಾಡಿ ಹೋಯಿತು. ಇಬ್ಬರೂ ಉಸಿರುಬಿಟ್ಟೆವು. ಆಮೇಲೆ ಅವಳು ತನ್ನ ಕಾಲಿನ ಕಡೆ ನೋಡಿದಳು.

ತಟ್ಟೆ ಅಪ್ಪಚ್ಚಿಯಾಗಿತ್ತು. ಕೆಂಪು ಹೂವಿನ ಎಸಳು ಅವಳ ಚಪ್ಪಲಿಗೆ ಅಂಟಿತ್ತು. ಊದುಬತ್ತಿ ಮುರಿದು ಪಕ್ಕದಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

“ಅಮ್ಮ, ತುಳಿದ್ಬಿಟ್ಟೆ.”

ಎರಡೂ ಕೈ ಹೊಟ್ಟೆಯ ಮೇಲಿಟ್ಟು ನಿಂತವಳು ಅಲ್ಲಿಂದ ಕಾಲು ಕೀಳಲಿಲ್ಲ. ಏನೂ ಆಗಲ್ಲ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಇಷ್ಟು ದಿನ ಅವಳ ಕೈಹಿಡಿದು ಅದರಿಂದ ದೂರ ಎಳೆದವಳು ನಾನೇ. ನಾನು ಹೇಳಿದರೆ ಅವಳು ನಂಬುವುದು ಹೇಗೆ? ಇಟ್ಟವರೇ ಹೇಳಬೇಕು.

ಬು ನ್ಯೋಮನ್ ಅಂಗಡಿಯಿಂದ ಹೊರಗೆ ಬಂದಿದ್ದಳು. ನಾನು ಹುಟ್ಟಿ ಯಾವತ್ತೂ ಪರಿಚಯವಿಲ್ಲದವರನ್ನು ಮೊದಲಾಗಿ ಮಾತಾಡಿಸಿದವಳಲ್ಲ. ಅವತ್ತು ಅವಳ ಎದುರು ಹೋಗಿ ಕೈಮುಗಿದೆ. ಹಿಸುಕಿದ ಹೂವನ್ನು ತೋರಿಸಿದೆ. ಮಗಳ ಕಾಲು ತೋರಿಸಿದೆ. ಮಗಳ ಹೊಟ್ಟೆ ತೋರಿಸಿದೆ. ಆಮೇಲೆ ಕನ್ನಡದಲ್ಲೇ ಕೇಳಿದೆ. “ಅಮ್ಮ, ಇವ್ಳಿಗೆ ಏನಾದ್ರೂ ಆಗ್ತದಾ, ಹೇಳಿ.”

ಬು ನ್ಯೋಮನ್ ಅಂಗಡಿ

ಅವಳು ಹೂವಿನ ಕಡೆ ನೋಡಲೇ ಇಲ್ಲ. ನನ್ನ ತರಚಿದ ಮೊಣಕೈ ನೋಡಿದಳು. ಒಳಗೆ ಕೂರಿಸಿ, ರಕ್ತ ತೊಳೆದು, ಅದೇನೋ ಹಳದಿ ಎಣ್ಣೆ ಹಚ್ಚಿದಳು. ಸವಿತನನ್ನೂ ಕೈಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿ ನೀರು ಕೊಟ್ಟಳು. ನನ್ನ ಮುಂದೆ ಒಂದು ಗಾಜಿನ ಲೋಟದಲ್ಲಿ ಕಾಫಿ ಬಂತು. ಅಲ್ಲಿ ಕಾಫಿ ಸೋಸುವುದಿಲ್ಲ, ಪುಡಿಯ ಮೇಲೆ ಬಿಸಿನೀರು ಹೊಯ್ದು ಗಷ್ಟು ತಳಕ್ಕೆ ಕೂರುವ ತನಕ ಕಾಯುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಗಡಿಬಿಡಿಯಲ್ಲಿ ಕುಡಿದೆ, ಬಾಯಿ ತುಂಬ ಗಷ್ಟು. ಕಾಫಿ ತೋಟದವಳಿಗೆ ಕಾಫಿ ಕುಡಿಯಲು ಬರಲಿಲ್ಲ. ಉಗಿಯಲು ಸಂಕೋಚವಾಗಿ ನುಂಗಿದೆ. ಬು ನ್ಯೋಮನ್ ನಕ್ಕುಬಿಟ್ಟಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸವಿತನ ಮುಖ ಸ್ವಲ್ಪ ಸಡಿಲವಾಯಿತು.

ಮಗಳಿಗೆ ಅಲ್ಲಿಯ ಸಂತೆಯ ಭಾಷೆ ಬರುತ್ತಿತ್ತು. ಬು ನ್ಯೋಮನ್ ಹೇಳಿದ್ದನ್ನೆಲ್ಲ ಅವಳೇ ನನಗೆ ಹೇಳುತ್ತ ಹೋದಳು.

“ನಾವು ದಿನಾ ರಸ್ತೇಲಿ ಎಂತಕ್ಕೆ ನಡೀತೀವಿ ಅಂತ ಕೇಳ್ತಿದಾರೆ ಅಮ್ಮ. ಓಣಿಯೋರೆಲ್ಲ ಮಾತಾಡ್ಕೊಂಡಿದ್ರಂತೆ, ಈ ಇಂಡಿಯಾದ ಹೆಂಗಸ್ರಿಗೆ ಏನೋ ವ್ರತ ಇರ್ಬೇಕು, ಫುಟ್‌ಪಾತ್ ಮೆಟ್ಟಬಾರ್ದು ಅಂತ.”

ನಮ್ಮ ಊರಿನ ಲೆಕ್ಕವನ್ನು ಸವಿತ ಅವಳಿಗೆ ವಿವರಿಸಿದಳು. ನಿಂಬೆಹಣ್ಣಿನ ವಿಷಯ, ದೇವರಮನೆ ದಾರಿಯ ವಿಷಯ, ಹೋದ ಎರಡು ಮಕ್ಕಳ ವಿಷಯ. ಬು ನ್ಯೋಮನ್ ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಬೆರಳಿನಿಂದ ಒಂದು ಎಂದು ತೋರಿಸಿ, ಎದೆಯನ್ನು ಮುಟ್ಟಿಕೊಂಡಳು. ಅವಳದ್ದೂ ಒಂದು ಹೋಗಿತ್ತು.

ಆಮೇಲೆ ಹೇಳಿದ್ದು ಇಷ್ಟು. ಅವರು ಅದನ್ನು ಇಡುವುದು ಕಷ್ಟ ಕಳೆಯಲಿ ಎಂದಲ್ಲ. ಮೇಲಿನ ದೇವರಿಗೆ ಮೇಲೆ ಇಡುತ್ತಾರೆ, ನೆಲದ ಶಕ್ತಿಗಳಿಗೆ ನೆಲದಲ್ಲಿ. ಈ ದಾರಿಯಲ್ಲಿ ಹೋಗಿಬರುವವರ ತಂಟೆಗೆ ಬರಬೇಡಿ ಎಂದು ಬೇಡಿಕೊಂಡು ಇಡುತ್ತಾರೆ. ಊದುಬತ್ತಿಯ ಪರಿಮಳ ಹೋಯಿತೆಂದರೆ ಆ ಶಕ್ತಿಗಳಿಗೆ ಮುಟ್ಟಿತು. ಉಳಿದದ್ದು ಬರೀ ಎಲೆ.

ಇದನ್ನು ಹೇಳುತ್ತಿದ್ದ ಹಾಗೆಯೇ ಹೊರಗೆ ಒಂದು ನಾಯಿ ಬಂದು, ಹಿಸುಕಿದ ತಟ್ಟೆಯಿಂದ ಬಿಸ್ಕತ್ತು ಎತ್ತಿಕೊಂಡು ಹೋಯಿತು. ಅದು ಅದರ ದಿನದ ಕೆಲಸ ಎಂಬಂತೆ ಬು ನ್ಯೋಮನ್ ತಲೆಯಾಡಿಸಿದಳು.

ಸವಿತನಿಗೆ ಸಮಾಧಾನವಾಗಲಿಲ್ಲ. “ಅವ್ರ ಊರಲ್ಲಿ ಹಂಗೆ ಅಮ್ಮ. ನನ್ನ ಕಾಲು ಜಾವಳಿದಲ್ವಾ?” ಎಂದಳು.

ಆ ಕಾಲಿಗೆ ಆ ಹೆದರಿಕೆ ಕಲಿಸಿದವರು ನಾವೇ. ಬು ನ್ಯೋಮನ್ ಏನೆಂದು ಕೇಳಿದಳು. ಸವಿತ ಹೇಳಿದಳು. ಅಂಗಡಿಯಾಕೆ ಎದ್ದು ಒಳಗೆ ಹೋಗಿ ಒಂದು ಹೊಸ ತಟ್ಟೆ, ಒಂದು ಮುಷ್ಟಿ ಹೂ ತಂದು ಮಗಳ ಮಡಿಲಿನಲ್ಲಿಟ್ಟಳು.

“ನೀನೇ ಇಡು ಅಂತಿದಾರೆ ಅಮ್ಮ. ತಾನಿಟ್ಟಿದ್ದಕ್ಕೆ ಯಾರೂ ಹೆದರಲ್ವಂತೆ.” ಆಮೇಲೆ ಬು ನ್ಯೋಮನ್ ಕಡೆ ತಿರುಗಿ ಏನೋ ಕೇಳಿ, ಉತ್ತರವನ್ನು ನನಗೆ ಹೇಳಿದಳು. “ನಿನ್ನ ಭಾಷೇಲೇ ಹೇಳ್ಕೋ, ನೆಲಕ್ಕೆ ಎಲ್ಲಾ ಭಾಷೆ ಬರ್ತದೆ ಅಂತಾರೆ.”

ಸವಿತ ತಟ್ಟೆಯಲ್ಲಿ ಹೂ ಜೋಡಿಸಿದಳು. ನಾನು ಅನ್ನ ಹಾಕಿದೆ. ಬು ನ್ಯೋಮನ್ ಊದುಬತ್ತಿ ಹಚ್ಚಿದಳು. ಮಗಳಿಗೆ ಬಗ್ಗಲು ಆಗುತ್ತಿರಲಿಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ಬು ನ್ಯೋಮನ್ ಹಿಡಿದುಕೊಂಡೆವು. ಮೊದಲಿನದು ಇದ್ದ ಜಾಗದಲ್ಲೇ ಇಟ್ಟು, ಸವಿತ ಮೆಲ್ಲಗೆ ಹೇಳಿಕೊಂಡಳು. “ಈ ದಾರೀಲಿ ಹೋಗೋರಿಗೆ ಎಂತೂ ಆಗ್ದೆ ಇರ್ಲಿ.”

ತನ್ನ ಮಗುವಿನ ಮಾತನ್ನು ಅವಳು ಎತ್ತಲಿಲ್ಲ. ನಾನು ಎತ್ತಿದೆ, ಮನಸ್ಸಿನಲ್ಲಿ.

ಸಂಜೆ ಪೂರ್ಣೇಶ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ನಮಗೂ ಕೇಳಿಸಿದರು. ಮಳೆಯಲ್ಲಿ ಓಡುವ ಕುದುರೆಯ ಸದ್ದು. ಪುಟ್ಟಿ, ಅದು ನೀನು. ಸಕ್ಕರೆಯೂ ಇಳಿದಿತ್ತು, ನಡಿಗೆ ಬಿಡಬೇಡಿ ಎಂದರು. ಹಿಂದಿರುಗುವಾಗ ಕಾರಿನಲ್ಲಿ ಪೂರ್ಣೇಶ್ ನನ್ನ ಮೊಣಕೈಯ ಪಟ್ಟಿ ನೋಡಿ, “ಅತ್ತೆ, ನಾನು ಎಂತ ಹೇಳಿದ್ದೆ?” ಎಂದರು. ತಾಯಿ ಮಗಳು ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಮರುದಿನ ಬೆಳಿಗ್ಗೆ

ಇಷ್ಟೆಲ್ಲ ಆದರೂ ಮರುದಿನ ಹೊರಡುವಾಗ ಸವಿತನ ಕಾಲು ಹೊಸ್ತಿಲಲ್ಲೇ ತಡವರಿಸಿತು. ಒಂದು ಮಾತಿಗೆ ಹೋಗುವ ಹೆದರಿಕೆಯಲ್ಲ ಅದು. ನಾನು ಬಾಗಿಲು ತೆರೆದೆ.

ಓಣಿಯಲ್ಲಿ ಎಂದಿನಂತೆ ಎಲ್ಲ ಮನೆಯ ಮುಂದೆ ತಟ್ಟೆಗಳಿದ್ದವು. ಹೂವೂ ಇತ್ತು, ಹೊಗೆಯೂ ಇತ್ತು. ಆದರೆ ಒಂದೂ ನಡುವೆ ಇರಲಿಲ್ಲ. ಎಲ್ಲವನ್ನೂ ಗೋಡೆಯ ಬುಡಕ್ಕೆ ಸರಿಸಿ ಇಟ್ಟಿದ್ದರು. ಕೊನೆಯ ತಿರುವಿನ ತನಕ ಫುಟ್‌ಪಾತ್ ಒಬ್ಬ ಬಸುರಿ ನೆಟ್ಟಗೆ ನಡೆದುಹೋಗುವಷ್ಟು ಅಗಲಕ್ಕೆ ಖಾಲಿಯಾಗಿತ್ತು.

ಬು ನ್ಯೋಮನ್ ಹಿಂದಿನ ಸಂಜೆ ಮನೆಮನೆಗೆ ಹೋಗಿ ಹೇಳಿದ್ದಳಂತೆ. ನಮ್ಮ ನಂಬಿಕೆ ತಪ್ಪು ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಒಂದು ಮೊಳ ಸರಿಸಿ ಇಟ್ಟರು, ಅಷ್ಟೇ.

ಸವಿತ ನಿಂತು ನೋಡಿದಳು. ನನ್ನ ಕೈ ಬಿಟ್ಟಳು. ಮುಂದೆ ನಡೆದಳು. ಅವತ್ತು ನಾನು ಅವಳ ಹಿಂದೆ, ಚೀಲವನ್ನು ಗೋಡೆ ಬದಿಗೆ ಹಿಡಿದುಕೊಂಡು, ಅಲ್ಲಾಡುವ ಚಪ್ಪಡಿಗಳನ್ನು ತಪ್ಪಿಸಿಕೊಂಡು ನಡೆದೆ. ಸಮುದ್ರದ ತನಕ ಒಂದು ಸಲವೂ ರಸ್ತೆಗೆ ಇಳಿಯಲಿಲ್ಲ.

ನೀನು ಹುಟ್ಟುವ ತನಕ ಅವಳು ನಡೆದಳು, ಪುಟ್ಟಿ. ನಿನ್ನನ್ನು ಮೊದಲು ಓಣಿಗೆ ಕರೆದುಕೊಂಡು ಬಂದಾಗ ಹೂ ಇಡುವ ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ನೋಡಲು ಬಂದರು. ಬು ನ್ಯೋಮನ್ ನಿನ್ನ ಹಣೆಗೆ ನಾಲ್ಕು ಅಕ್ಕಿಕಾಳು ಅಂಟಿಸಿದಳು. ನೀನು ಸೀನಿದೆ.

ಮತ್ತೆ ಜಾವಳಿ

ನಾನು ಊರಿಗೆ ಬರುವಷ್ಟರಲ್ಲಿ ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟ ಬೆಳ್ಳಗಾಗಿ ಹೋಗಿತ್ತಂತೆ, ನನಗೆ ಅದನ್ನು ನೋಡಲಾಗಲಿಲ್ಲ. ಬಂದ ಮೇಲೆ ಊರವರು ವಿಮಾನ ಹೇಗಿತ್ತು, ಸಮುದ್ರ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಎಂದೆ.

ನೀವು ದೊಡ್ಡವರಾಗಿ ಬೇರೆ ಊರುಗಳಿಗೆ ಹೋಗುತ್ತೀರಿ. ಚೀಲ ಗೋಡೆ ಬದಿಗೆ ಹಿಡಿಯಿರಿ, ಕೆಂಪು ಬಾವುಟ ನೋಡಿ. ಅದನ್ನೆಲ್ಲ ನಿಮ್ಮ ಅಪ್ಪ ನನಗಿಂತ ಚೆನ್ನಾಗಿ ಹೇಳುತ್ತಾರೆ. ನನ್ನ ಅಭ್ಯಾಸಗಳನ್ನು ನಾನು ಬಿಟ್ಟೆ ಎಂದು ತಿಳಿಯಬೇಡಿ. ಚೇತುವಿಗೆ ಜ್ವರ ಬಂದಾಗ ನಾನು ಈಗಲೂ ದೃಷ್ಟಿ ತೆಗೆಯುತ್ತೇನೆ, ನಿಮ್ಮ ಅಮ್ಮ ನಕ್ಕರೂ ತೆಗೆಯುತ್ತೇನೆ. ಎಲೆಯಲ್ಲಿ ನಿಂಬೆಹಣ್ಣು, ಹೂ, ಅನ್ನ ಇಟ್ಟುಕೊಂಡು ಮೂರು ದಾರಿ ಕೂಡುವಲ್ಲಿಗೇ ಹೋಗುತ್ತೇನೆ.

ಆದರೆ ನಡುವೆ ಇಡುವುದಿಲ್ಲ. ಬೇಲಿಯ ಬುಡಕ್ಕೆ, ಹುಲ್ಲು ಸರಿಸಿ, ಯಾರ ಕಾಲಿಗೂ ಸಿಗದ ಹಾಗೆ ಇಡುತ್ತೇನೆ. ಹಿಂತಿರುಗಿ ನೋಡಬಾರದು ಎನ್ನುತ್ತಾರೆ. ನಾನು ನೋಡುತ್ತೇನೆ. ಹಿಂದೆ ಯಾರಾದರೂ ನಡೆದು ಬರುತ್ತಿರಬಹುದಲ್ಲ.